ಕಿರುಗಾವಲಿನಲ್ಲಿ ಕೇಳಿದ ಕರುಳಿನ ಸದ್ದು

ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ, ಮೂರು ಬೆರಳಗಲ ಬಿಟ್ಟು ಒಂದು ಜಾಗವಿದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವುದು ಅಲ್ಲೇ. ಅಲ್ಲಿ ಕಿವಿಯಿಟ್ಟು ಕೇಳಿದರೆ ಆರೋಗ್ಯವಂತರ ಹೊಟ್ಟೆ ಸುಮ್ಮನಿರುವುದೇ ಇಲ್ಲ. ಗುಳುಗುಳು ಎನ್ನುತ್ತದೆ, ತಡೆಯುತ್ತದೆ, ಮತ್ತೆ ಏನನ್ನೋ ಎಳೆದುಕೊಂಡು ಹೋದಂತೆ ಸದ್ದು ಮಾಡುತ್ತದೆ. ಉಂಡ ಮೇಲೆ ಜೋರು, ನಿದ್ದೆಯಲ್ಲಿ ಮೆಲ್ಲಗೆ. ಪೂರ್ತಿ ನಿಂತುಹೋಗುವುದು ಮಾತ್ರ ಅಪರೂಪ. ನಿಂತರೆ ಅದು ಒಳ್ಳೆಯ ಲಕ್ಷಣವಲ್ಲ.

ಕೆಲವು ವರ್ಷಗಳ ಹಿಂದೆ ಆ ಜಾಗದ ಸದ್ದನ್ನು ಕೇಳುವುದೇ ನನ್ನ ಕೆಲಸವಾಗಿತ್ತು. ಆ ಕೆಲಸದ ನಡುವೆ ಕಿರುಗಾವಲಿನ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರಣ ತಿಳಿಯದ ಇಂಥ ಅನುಭವಗಳ ಬರಹಗಳನ್ನು ನಾನು ಅಲ್ಲಿಯವರೆಗೆ ಓದುತ್ತಿದ್ದುದು ಎಲ್ಲಿ ತಪ್ಪಿದ್ದಾರೆ ಎಂದು ಹುಡುಕುವುದಕ್ಕೆ ಮಾತ್ರ. ನಮ್ಮ ಮನೆ ಮದ್ದೂರಿನಲ್ಲಿ. ನಿಡಘಟ್ಟದಲ್ಲಿದ್ದ ನಮ್ಮ ಸೋದರತ್ತೆ ಕೆಟ್ಟ ಕನಸು ಬಿದ್ದ ಮಾರನೆಯ ದಿನ ಎಲ್ಲರಿಗೂ ಫೋನು ಮಾಡಿ ಕ್ಷೇಮ ವಿಚಾರಿಸುವವರು. ನಿಜವಾದ ಕನಸನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡು, ಸುಳ್ಳಾದವನ್ನು ಆ ಸಂಜೆಗೇ ಮರೆತುಬಿಡುತ್ತೀರಿ ಎಂದು ಅವರಿಗೆ ಒಮ್ಮೆ ಹೇಳಿ ಬೈಸಿಕೊಂಡಿದ್ದೆ. ಈಗಲೂ ನನ್ನ ಅಭಿಪ್ರಾಯ ಹೆಚ್ಚು ಬದಲಾಗಿಲ್ಲ. ಆದರೆ ಈ ಒಂದು ಸಂಗತಿಯನ್ನು ಎಲ್ಲಿ ಇಡಬೇಕೆಂದು ನನಗೆ ಗೊತ್ತಿಲ್ಲ.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಅಲ್ಲಿನ ಶಸ್ತ್ರಚಿಕಿತ್ಸಕರೊಬ್ಬರು ದೊಡ್ಡ ಕರುಳಿನ ಗೆಡ್ಡೆಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ಗೆಡ್ಡೆಯಿರುವ ಭಾಗವನ್ನು ಕತ್ತರಿಸಿ ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಹೊಟ್ಟೆ ತೆರೆದು ಕೈಯಾಡಿಸಿದ ಮೇಲೆ ಕರುಳು ಮುನಿಸಿಕೊಂಡಂತೆ ಕೆಲವು ದಿನ ಅಲ್ಲಾಡುವುದಿಲ್ಲ. ಅದು ಮತ್ತೆ ಎಚ್ಚರಗೊಂಡಿತು ಎಂಬುದಕ್ಕೆ ಮೊದಲ ಗುರುತು ಗಾಳಿ ಹೋಗುವುದು. ನಾನು ಸಂಕೋಚದ ಸ್ವಭಾವದವಳು. ಆದರೂ ಇದನ್ನು ಬೇರೆ ಮಾತಿನಲ್ಲಿ ಹೇಳಿದರೆ ಸುಳ್ಳಾದೀತು: ಆ ವಾರ್ಡಿನಲ್ಲಿ ರೋಗಿಗಳು, ಮನೆಯವರು, ನರ್ಸುಗಳು, ದೊಡ್ಡ ಡಾಕ್ಟರು ಎಲ್ಲರೂ ದಿನವಿಡೀ ಕಾಯುತ್ತಿದ್ದುದು ಒಂದು ಹೂಸಿಗಾಗಿ. ಕೊತ್ತತ್ತಿಯ ಯಜಮಾನರೊಬ್ಬರು ರೌಂಡ್ಸಿಗೆ ಬಂದ ಡಾಕ್ಟರಿಗೆ, "ಸ್ವಾಮಿ, ಮನೇಲಿ ಬುಟ್ರೆ ಬೈತಾರೆ, ಇಲ್ಲಿ ಬುಡ್ನಿಲ್ಲ ಅಂತ ಬೈತೀರಿ, ಬಡವ ಎಲ್ ಬದುಕ್ಬೇಕು?" ಎಂದು ಕೇಳಿ ವಾರ್ಡಿಗೆ ವಾರ್ಡನ್ನೇ ನಗಿಸಿದ್ದರು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಪಕ್ಕದ ಹಾಸಿಗೆಯವರು ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ನಗುತ್ತಿದ್ದರು.

ನಮ್ಮ ಸಂಶೋಧನೆಯ ಪ್ರಶ್ನೆ ಸರಳವಾಗಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಬಾಯಲ್ಲಿ ಏನನ್ನಾದರೂ ಅಗಿಯುತ್ತಿದ್ದರೆ, ಊಟ ಬರುತ್ತಿದೆಯೆಂದು ತಿಳಿದು ಕರುಳು ಬೇಗ ಎಚ್ಚರವಾಗುತ್ತದೆಯೇ? ಅದಕ್ಕೆ ಕೆಲವರಿಗೆ ಚ್ಯೂಯಿಂಗ್ ಗಮ್ ಕೊಡುತ್ತಿದ್ದೆವು. ಪ್ರತಿದಿನ ನಾನು ಹೊಟ್ಟೆಯ ಸದ್ದನ್ನು ದಾಖಲು ಮಾಡುತ್ತಿದ್ದೆ. ಅಂಗೈಯಲ್ಲಿ ಹಿಡಿಸುವ ಒಂದು ಬಿಲ್ಲೆ, ಅದಕ್ಕೊಂದು ವೈರು, ನನ್ನ ಕಿವಿಗೆ ಇಯರ್‌ಫೋನು. ಹೋಲಿಸಿ ನೋಡಲು ಅದೇ ಮನೆಯಲ್ಲಿ ಅದೇ ಅಡುಗೆ ಉಣ್ಣುವ ಆರೋಗ್ಯವಂತರೊಬ್ಬರ ಹೊಟ್ಟೆಯನ್ನೂ ಕೇಳಬೇಕಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.

ಈ ಯೋಜನೆಯಲ್ಲಿ ಒಂದು ತೊಡಕನ್ನು ಯಾರೂ ಮೊದಲೇ ಊಹಿಸಿರಲಿಲ್ಲ. ನಮ್ಮ ಕಡೆಯ ಜನ ಮುದ್ದೆ ಉಣ್ಣುವವರು. ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಆ ಅಭ್ಯಾಸದಲ್ಲಿ ಎಷ್ಟೋ ಜನ ಗಮ್ಮನ್ನೂ ನಾಲ್ಕು ಸಲ ಬಾಯಾಡಿಸಿ ನುಂಗಿಬಿಡುತ್ತಿದ್ದರು. ಕಿರುಗಾವಲಿನಿಂದ ಬಂದ ಚಿಕ್ಕತಾಯಮ್ಮ ಮೊದಲ ದಿನವೇ ಹಾಗೆ ಮಾಡಿದರು. ಎಲ್ಲಿ ಗಮ್ಮು ಎಂದು ಕೇಳಿದರೆ ಬಾಯಿ ತೆರೆದು ತೋರಿಸಿ, "ಒಳೀಕ್ ಓಯ್ತು. ನೀನ್ ತಿನ್ನಾಕ್ ಕೊಟ್ಟೆ ಅಂದ್ಕಂಡೆ" ಎಂದರು.

ಚಿಕ್ಕತಾಯಮ್ಮನವರಿಗೆ ಐವತ್ತೈದರ ಆಸುಪಾಸು. ಗೆಡ್ಡೆ ಪೂರ್ತಿಯಾಗಿ ತೆಗೆಯಲು ಬಂದಿತ್ತು, ಡಾಕ್ಟರಿಗೆ ಸಮಾಧಾನವಾಗಿತ್ತು. ಮಗಳು ಶೋಭಾ ಜೊತೆಗಿದ್ದಳು. ಮನೆಯಲ್ಲಿ ಹೋಲಿಕೆಗೆ ಒಪ್ಪಿದವರು ಚಿಕ್ಕತಾಯಮ್ಮನವರ ಅಕ್ಕ ದೊಡ್ಡತಾಯಮ್ಮ. ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಹಾಗಾಗಿ ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಇಬ್ಬರದೂ ಒಂದೇ ಒಲೆ. ತಂಗಿಯನ್ನು ಸೇರಿಸಲು ಬಂದ ದಿನ ದೊಡ್ಡತಾಯಮ್ಮನವರ ಹೊಟ್ಟೆಯ ಸದ್ದನ್ನು ದಾಖಲಿಸಿಕೊಂಡಿದ್ದೆ. ಅಷ್ಟು ಹುರುಪಿನ ಹೊಟ್ಟೆಯನ್ನು ನಾನು ಬೇರೆ ಕೇಳಿರಲಿಲ್ಲ. ಅದನ್ನು ಹೇಳಿದಾಗ, "ಮತ್ತೆ! ಇದಕ್ಕೆ ಆಕಿರೋದೇನ್ ಕಮ್ಮಿನಾ?" ಎಂದು ಹೊಟ್ಟೆ ತಟ್ಟಿಕೊಂಡಿದ್ದರು.

ಶಸ್ತ್ರಚಿಕಿತ್ಸೆಯಾದ ಮೇಲೆ ಉಳಿದವರ ಕರುಳು ಎಚ್ಚರವಾಗುವ ದಿನಗಳು ಕಳೆದವು. ಚಿಕ್ಕತಾಯಮ್ಮನವರದು ಎಚ್ಚರವಾಗಲಿಲ್ಲ. ಗಮ್ಮನ್ನು ಈಗ ಅವರು ಶ್ರದ್ಧೆಯಿಂದ ಅಗಿಯುತ್ತಿದ್ದರು, ಆದರೂ ಹೊಟ್ಟೆ ತಮಟೆಯಂತೆ ಬಿಗಿಯುತ್ತಾ ಬಂತು. ವಾಂತಿ ಶುರುವಾಗಿ ಮೂಗಿನಲ್ಲಿ ನಳಿಗೆ ಇಳಿಸಬೇಕಾಯಿತು. ನಾನು ದಿನಕ್ಕೆ ಎರಡು ಮೂರು ಸಲ ಬಿಲ್ಲೆಯಿಟ್ಟು ಕೇಳಿದೆ. ಏನೂ ಇರಲಿಲ್ಲ. ಎದೆಬಡಿತ ಮಾತ್ರ ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರು. ಹೊಲಿಗೆಯ ಹತ್ತಿರ ಕರುಳು ಮಡಿಚಿಕೊಂಡಿರಬಹುದು ಎಂಬ ಅನುಮಾನ ಬಂತು.

ಆ ದಿನ ಬೆಳಿಗ್ಗೆ ಡಾಕ್ಟರು ಶೋಭಾಳನ್ನು ಹೊರಗೆ ಕರೆದು ಹೇಳಿದರು. ನಾಳೆ ಬೆಳಿಗ್ಗೆಯವರೆಗೆ ನೋಡೋಣ. ಆಗದಿದ್ದರೆ ಹೊಟ್ಟೆ ಮತ್ತೆ ತೆರೆಯಲೇಬೇಕು. ಅಮ್ಮನ ಹೃದಯ ಮೊದಲೇ ಬಲವಾಗಿಲ್ಲ. ಇಷ್ಟು ಬೇಗ ಎರಡನೆಯ ಸಲ ಅರಿವಳಿಕೆ ಕೊಡುವುದು ಅಪಾಯ. ಅವರು ಯಾವುದನ್ನೂ ಮುಚ್ಚಿಡುವವರಲ್ಲ. ಶೋಭಾ ಅಲ್ಲಿ ಅಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ನೀವ್ ಇವತ್ತು ನಮ್ಮೂರ್ಗೆ ಓಯ್ತೀರಲ್ವಾ ಮೇಡಂ? ದೊಡ್ಡಮ್ಮಂಗೆ ಇದ್ನ ಮಾತ್ರ ಏಳ್ಬ್ಯಾಡಿ. ಅವ್ರು ತಡ್ಕಳಲ್ಲ" ಎಂದಳು.

ಹೌದು, ದೊಡ್ಡತಾಯಮ್ಮನವರ ಎರಡನೆಯ ದಾಖಲೆಗೆ ನಾನು ಅಂದೇ ಹೋಗಬೇಕಿತ್ತು. ಮಧ್ಯಾಹ್ನದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದುದು ಒಂದೇ. ಅವರು ನೇರವಾಗಿ ಕೇಳಿದರೆ ಏನು ಹೇಳಲಿ? ನನಗೆ ಮುಖದಲ್ಲಿ ಏನನ್ನೂ ತೋರಿಸದಿರುವ ಅಭ್ಯಾಸವಿದೆ, ಆದರೆ ಅದು ಹಳ್ಳಿಯ ಹೆಂಗಸರ ಮುಂದೆ ಸಾಮಾನ್ಯವಾಗಿ ನಡೆಯುವುದಿಲ್ಲ.

ದೊಡ್ಡತಾಯಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಂಡಸರು ಗದ್ದೆಗೆ ಹೋಗಿದ್ದರು. ಎದ್ದು ನೀರು ತಂದುಕೊಟ್ಟರು, ಆದರೆ ಮೊದಲ ದಿನ ನೋಡಿದ ಹೆಂಗಸು ಅವರಲ್ಲ. ಮುಖ ಬಾಡಿತ್ತು, ನಡೆಯುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು. ತಂಗಿಯ ವಿಷಯ ಕೇಳುತ್ತಾರೆಂದು ನಾನು ಕಾದೆ. ಅವರು ಕೇಳಲಿಲ್ಲ. ನಾನೇ ಅವರ ಆರೋಗ್ಯ ವಿಚಾರಿಸಿದೆ.

"ಏನ್ ಏಳ್ಲವ್ವ. ಅವ್ಳ್ ಒಟ್ಟೆ ಕುಯ್ದ ದಿನದಿಂದ ನಂದೂ ಕಟ್ಟೋಗದೆ. ಉಂಡಿದ್ದು ಅಲ್ಲೇ ಕುಂತದೆ. ಎಲ್ಡ್ ದಿನದಿಂದ ಉಣ್ಣಾದ್ನೂ ಬುಟ್ಟಿದ್ದೀನಿ."

ಗಾಬರಿ, ನಿದ್ದೆಗೆಟ್ಟಿರುವುದು, ಊಟ ಬಿಟ್ಟಿರುವುದು ಎಲ್ಲ ಸೇರಿ ಹೀಗಾಗುತ್ತದೆ ಎಂದೆ. ಮನಸ್ಸಿನ ಕಳವಳ ಕರುಳಿಗೆ ತಟ್ಟುತ್ತದೆ ಎಂಬುದು ವೈದ್ಯರಿಗೆ ಹೊಸದಲ್ಲ. ಅವರು ನನ್ನ ಮಾತನ್ನು ಮಗುವಿನ ಮಾತಿನ ಹಾಗೆ ಕೇಳಿಸಿಕೊಂಡರು.

"ಅದ್ಯಾವ್ದೂ ಅಲ್ಲ ಕಣವ್ವ. ನಾವ್ ಚಿಕ್ಕಂದಿಂದ್ಲೂ ಇಂಗೇಯ. ಅವ್ಳು ಸೋಬನ್ನ ಎರುವಾಗ ನಾನ್ ಈ ಕಂಬ ಇಡ್ಕಂಡ್ ಒದ್ದಾಡಿದ್ದೀನಿ. ನಮ್ಮತ್ತೆ, 'ಬಸ್ರಿ ಅವ್ಳು, ಬ್ಯಾನೆ ಇವ್ಳ್ಗಾ!' ಅಂತ ನಗಾಡಿದ್ರು. ಅವ್ಳ್ದು ಬುಡೋ ಗಂಟ ನಂದೂ ಬುಡಾಕಿಲ್ಲ. ಬುಟ್ರೆ ನಂಗೇ ಗೊತ್ತಾಯ್ತದೆ."

ಇದನ್ನು ಅವರು ಹೆಮ್ಮೆಯಿಂದಲೋ ಭಯದಿಂದಲೋ ಹೇಳಲಿಲ್ಲ. ಸೊಂಟ ನೋವಿನ ಬಗ್ಗೆ ಹೇಳುವವರ ಹಾಗೆ ಹೇಳಿದರು. ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ, ಬಿಗಿಯಾಗಿತ್ತು. ಬಿಲ್ಲೆಯಿಟ್ಟು ಇಯರ್‌ಫೋನು ಹಾಕಿಕೊಂಡೆ.

ಸದ್ದು ಇರಲಿಲ್ಲ.

ನಿಯಮದ ಪ್ರಕಾರ ಕಾಯಬೇಕಾದಷ್ಟು ಕಾದೆ. ಬಿಲ್ಲೆಯನ್ನು ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸಿ ನೋಡಿದೆ. ಬರಿಯ ಎದೆಬಡಿತ, ದೂರದಲ್ಲಿ. ಅದೇ ಬೆಳಿಗ್ಗೆ ಮಂಡ್ಯದಲ್ಲಿ ಕೇಳಿದ್ದು ಇದನ್ನೇ. ಯಂತ್ರ ಕೆಟ್ಟಿದೆ ಎಂಬುದೇ ನನಗೆ ಬಂದ ಮೊದಲ ಯೋಚನೆ. ಹಾಗಿದ್ದರೆ ಎಷ್ಟು ಒಳ್ಳೆಯದು ಎಂದೂ ಅನಿಸಿತು, ಏಕೆಂದರೆ ಚಿಕ್ಕತಾಯಮ್ಮನವರ ಮೌನವೂ ಯಂತ್ರದ್ದೇ ಇರಬಹುದಲ್ಲ. ಪಕ್ಕಕ್ಕೆ ತಿರುಗಿ ಬಿಲ್ಲೆಯನ್ನು ನನ್ನ ಹೊಟ್ಟೆಗೇ ಇಟ್ಟುಕೊಂಡೆ. ಬೆಳಿಗ್ಗೆ ತಿಂದ ಇಡ್ಲಿಯ ಸಮಾಚಾರವೆಲ್ಲ ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಅವರ ಹೊಟ್ಟೆಗೆ ಇಟ್ಟೆ. ಮೌನ.

ಈಗ ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಊಟ ಬಿಟ್ಟವರ ಕರುಳು ಮೆಲ್ಲಗಾಗಬಹುದು, ಆದರೆ ಹೀಗೆ ನಿಲ್ಲುವುದಿಲ್ಲ. ಇವರ ಹೊಟ್ಟೆಯಲ್ಲೂ ಏನೋ ಆಗಿರಬಹುದು. ಇಂದೇ ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕು, ಮನೆಯವರನ್ನು ಗದ್ದೆಯಿಂದ ಕರೆಸಬೇಕು. ಹಾಗೆ ಲೆಕ್ಕ ಹಾಕುತ್ತಾ ಬಿಲ್ಲೆಯನ್ನು ಹಿಡಿದೇ ಇದ್ದೆ. ಅವರು ಸೂರು ನೋಡುತ್ತಾ, ಹಿತ್ತಲಿನ ಸೊಪ್ಪನ್ನು ಯಾರದೋ ಮೇಕೆ ಮೇಯ್ದುಹೋದ ಕಥೆ ಹೇಳುತ್ತಿದ್ದರು. ಮೇಕೆಯವರನ್ನು ಏನೆಂದು ಬೈದೆ ಎಂಬಲ್ಲಿಗೆ ಬಂದಾಗ ಮಾತು ನಿಂತಿತು.

ಮೊದಲು ಬಂದದ್ದು ಬಹಳ ಸಣ್ಣ ಸದ್ದು. ನಾಲೆಗೆ ನೀರು ಬಿಟ್ಟ ದಿನ ಒಣಗಿದ ತೂಬಿನಲ್ಲಿ ನೀರಿಗಿಂತ ಮುಂಚೆ ಗಾಳಿ ನೂಕಿಕೊಂಡು ಬರುತ್ತದಲ್ಲ, ಅಂಥದು. ಆಮೇಲೆ ಒಂದರ ಹಿಂದೆ ಒಂದು. ನಾನು ಇಯರ್‌ಫೋನನ್ನು ಕಿವಿಯಿಂದ ಅರ್ಧ ಎಳೆಯಬೇಕಾಯಿತು. ದೊಡ್ಡತಾಯಮ್ಮ ಮೊಣಕೈ ಊರಿ ಎದ್ದು ಕೂತರು. ಕಣ್ಣುಗಳು ಅಗಲವಾಗಿದ್ದವು.

"ಬುಡ್ತು ಕಣವ್ವ" ಎಂದರು.

ಅಷ್ಟೇ ಹೇಳಿ, ನನ್ನ ವೈರನ್ನು ಪಕ್ಕಕ್ಕೆ ಸರಿಸಿ, ಆ ವಯಸ್ಸಿನವರು ನಡೆಯುವುದಕ್ಕಿಂತ ಬೇಗ ಹಿತ್ತಲಿನ ಕಕ್ಕಸಿನ ಕಡೆ ಹೊರಟುಹೋದರು. ನಾನು ಚಾಪೆಯ ಮೇಲೆ ಬಿಲ್ಲೆ ಹಿಡಿದು ಕೂತಿದ್ದೆ. ನಗು ಬಂತು. ಇವರನ್ನು ಆಸ್ಪತ್ರೆಗೆ ಕರೆದೊಯ್ಯುವ ಅಗತ್ಯವಿಲ್ಲವೆಂಬ ನೆಮ್ಮದಿ ಆ ನಗುವಿನಲ್ಲಿತ್ತು. ಅವರು ಹೇಳಿದ ಉಳಿದ ಮಾತು ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ.

ಅವರು ಇನ್ನೂ ಒಳಗೆ ಬಂದಿರಲಿಲ್ಲ, ನನ್ನ ಫೋನು ಹೊಡೆದುಕೊಂಡಿತು. ಶೋಭಾ. ಅವಳು ಅಳುತ್ತಿದ್ದಾಳೆಂದುಕೊಂಡೆ. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅಮ್ಮಂಗೆ ಓಯ್ತು ಮೇಡಂ! ಡಾಕ್ಟ್ರು ಬಂದ್ ನೋಡುದ್ರು. ನಾಳೆ ಆಪ್ರೇಸನ್ ಬ್ಯಾಡ ಅಂದ್ರು. ಇಡೀ ವಾರ್ಡ್ಗೇ ಕೇಳುಸ್ತು, ಎಲ್ರೂ ಚಪ್ಪಾಳೆ ಒಡುದ್ರು!"

ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಅದೇ ನನ್ನ ಮೊದಲ ಪ್ರಶ್ನೆಯಾದದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ. "ಈಗ್ಲೇ, ಕಾಪಿ ಬಂತಲ್ಲ, ಆಗ" ಎಂದಳು.

ದೊಡ್ಡತಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಫೋನು ನನ್ನ ಕಿವಿಯಲ್ಲೇ ಇತ್ತು. ಯಾರು ಎಂದು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಅಡುಗೆಮನೆಗೆ ಹೋಗುತ್ತಾ, "ಸೋಬಂಗೆ ಏಳು, ಆಸೆ ಬಿದ್ದು ಈಗ್ಲೇ ಏನೂ ತಿನ್ನುಸ್ಬ್ಯಾಡ ಅಂತ. ಡಾಕ್ಟ್ರು ಏಳೋ ಗಂಟ ತಡೀಲಿ" ಎಂದರು. ಒಲೆಯ ಮೇಲೆ ಎಸರಿಟ್ಟು ರಾಗಿಹಿಟ್ಟಿನ ಡಬ್ಬ ತೆಗೆದರು.

ನನಗೂ ಬಡಿಸಿದರು. ಬೇಡವೆಂದರೂ ಬಿಡಲಿಲ್ಲ. ಅವರೆಕಾಳಿನ ಸಾರು ಬಿಸಿಯಾಗಿತ್ತು. ಎಷ್ಟೋ ದಿನದ ಹಸಿವನ್ನು ಒಟ್ಟಿಗೆ ತೀರಿಸಿಕೊಳ್ಳುವವರಂತೆ ಅವರು ಉಂಡರು. ನಾನು ಪಟ್ಟಣದಲ್ಲಿ ಬೆಳೆದವಳು, ಮುದ್ದೆಯ ತುತ್ತನ್ನು ಸ್ವಲ್ಪ ಬಾಯಾಡಿಸಿಯೇ ಒಳಗೆ ಬಿಡುವವಳು. ಅದನ್ನು ನೋಡಿ, "ಅದೇನವ್ವ, ಮುದ್ದೇನೂ ಅಗೀತೀಯಾ? ನಿನ್ ಗಮ್ಮೇನ್ ಅದು? ನುಂಗು, ನುಂಗು" ಎಂದು ನಕ್ಕರು. ನಾನೂ ನಕ್ಕೆ. ಮನಸ್ಸಿಗೆ ಅಷ್ಟು ಹಾಯಾದ ಊಟ ಆ ಕೆಲಸದಲ್ಲಿ ನನಗೆ ಇನ್ನೊಂದು ಸಿಗಲಿಲ್ಲ.

ಈಗ ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ವಾಪಸು ಬರುವ ಬಸ್ಸಿನಲ್ಲೇ ನಾನು ಕೇಳಿಕೊಂಡೆ. ನನಗಿಂತ ಮುಂಚೆ ಯಾರಾದರೂ ಅವರಿಗೆ ಸುದ್ದಿ ಮುಟ್ಟಿಸಿದ್ದರೇ? ನಾನು ಹೋದ ಮೇಲೆ ಆ ಮನೆಗೆ ಯಾರೂ ಬರಲಿಲ್ಲ, ಅವರ ಕೈಯಲ್ಲಿ ಫೋನಿರಲಿಲ್ಲ. ಚಿಕ್ಕತಾಯಮ್ಮನವರಿಗೆ ಮೊದಲೇ ಗಾಳಿ ಹೋಗಿದ್ದು, ನಾಚಿಕೆಯಿಂದ ಹೇಳದೆ ಇದ್ದರೇ? ನಮ್ಮ ವಾರ್ಡಿನಲ್ಲಿ ಅಂಥ ಹೆಂಗಸರಿದ್ದರು, ಭಾವನ ಎದುರು ಆ ಮಾತು ಆಡಲಾರದೆ ಒಂದು ದಿನ ಹೆಚ್ಚು ಉಪವಾಸ ಬಿದ್ದವರು. ಆದರೆ ಚಿಕ್ಕತಾಯಮ್ಮನವರ ಹೊಟ್ಟೆ ಬಿಗಿದಿದ್ದನ್ನು ನಾನೇ ಮುಟ್ಟಿ ನೋಡಿದ್ದೆ. ಅಕ್ಕನ ಹೊಟ್ಟೆ ಕಳವಳದಿಂದ ಕಟ್ಟಿತ್ತು, ನಾನು ಬಂದು ಮಾತಾಡಿಸಿದ ಸಮಾಧಾನಕ್ಕೆ ಬಿಟ್ಟಿತು ಎನ್ನಬಹುದು. ನಾನು ಸಮಾಧಾನವಾಗುವಂಥದ್ದು ಏನನ್ನೂ ಹೇಳಿರಲಿಲ್ಲ. ಕಾಕತಾಳೀಯ ಎನ್ನಬಹುದು. ಎರಡು ಕರುಳುಗಳು ಒಂದೇ ಮಧ್ಯಾಹ್ನ ಎಚ್ಚರವಾಗುವುದು ಅಸಾಧ್ಯವೇನಲ್ಲ. ಹೆಚ್ಚಿನ ದಿನಗಳಲ್ಲಿ ನಾನು ಈ ಉತ್ತರವನ್ನೇ ಹಿಡಿದುಕೊಂಡಿರುತ್ತೇನೆ.

ಎರಡೂ ಒಂದೇ ಗಳಿಗೆಯಲ್ಲಿ ಆದವೋ ಇಲ್ಲವೋ ಎಂಬುದನ್ನು ಸಾಬೀತು ಮಾಡುವುದಕ್ಕೂ ಆಗುವುದಿಲ್ಲ. ನನ್ನ ಯಂತ್ರದಲ್ಲಿ ಕಿರುಗಾವಲಿನ ಗಳಿಗೆ ಕರಾರುವಾಕ್ಕಾಗಿ ಇತ್ತು. ಮಂಡ್ಯದಲ್ಲಿ ಇದ್ದದ್ದು "ಕಾಪಿ ಬಂದಾಗ" ಎಂಬುದಷ್ಟೇ. ಸಂಜೆ ಡಾಕ್ಟರಿಗೆ ಫೋನು ಮಾಡಿ ಅಕ್ಕನ ಹೊಟ್ಟೆಯ ಮೌನದ ಬಗ್ಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ಉಪವಾಸ ಇದ್ದರು, ಗಾಬರಿಯಲ್ಲಿದ್ದರು ಅಂತ ಬರೆದುಕೊಳ್ಳಿ. ಸುಳ್ಳೇನಲ್ಲವಲ್ಲ" ಎಂದರು. ಸುಳ್ಳಾಗಿರಲಿಲ್ಲ. ಹಾಗೆಯೇ ಬರೆದುಕೊಂಡೆ.

ಆದರೆ ಹಿತ್ತಲಿನಿಂದ ಬಂದವರು ನನ್ನನ್ನು ಏನೂ ಕೇಳದೆ ಎಸರಿಟ್ಟರಲ್ಲ, ಅದನ್ನು ಬರೆಯಲು ನಮ್ಮ ಸಂಶೋಧನೆಯಲ್ಲಿ ಜಾಗವಿರಲಿಲ್ಲ. ನಾನು ಅವರಿಗೆ ಸುದ್ದಿ ಹೇಳಲೇ ಇಲ್ಲ. ಹೇಳಬೇಕಾದ ಸಂದರ್ಭವೇ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬೇಗ ವಾರ್ಡಿಗೆ ಹೋದೆ. ಮೊದಲ ಬಸ್ಸಿಗೆ ಬಂದ ದೊಡ್ಡತಾಯಮ್ಮ ಆಗಲೇ ತಂಗಿಯ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಚಿಕ್ಕತಾಯಮ್ಮನವರ ಮೂಗಿನ ನಳಿಗೆ ತೆಗೆದಿದ್ದರು. ಲೋಟದಲ್ಲಿ ಗಂಜಿ ತಿಳಿ ಇತ್ತು. ಶೋಭಾ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು.

ಇಬ್ಬರ ಹೊಟ್ಟೆಯನ್ನೂ ಒಂದರ ಹಿಂದೊಂದು ಕೇಳಬೇಕೆಂದು ರಾತ್ರಿಯೇ ತೀರ್ಮಾನಿಸಿದ್ದೆ. ಬಿಲ್ಲೆ ತೆಗೆದು ಚಿಕ್ಕತಾಯಮ್ಮನವರ ಹೊಟ್ಟೆಗೆ ಇಟ್ಟೆ. ದಾಖಲೆಗೆ ಸುತ್ತಮುತ್ತ ಮಾತು ಇರಬಾರದು. ಆ ಇಬ್ಬರ ಮಾತು ನಿಲ್ಲುವಂತಿರಲಿಲ್ಲ.

"ನಾನಿಲ್ದೆ ಮನೆ ಎಂಗ್ ಮಡಗಿದ್ದೀಯೋ ಏನೋ."

"ನಿನ್ ಒಟ್ಟೆ ಕಾಯೋದೇ ಆಯ್ತಲ್ಲೇ, ಮನೆ ಯಾರ್ ಗುಡ್ಸಾರು? ಸೊಪ್ನೆಲ್ಲ ಮೇಕೆ ಮೇಯ್ಕಂಡೋಯ್ತು."

"ಯಾರ್ ಮೇಕೆ? ಬೈದ್ಯಾ ಇಲ್ವಾ?"

"ಬೈಯ್ದೆ ಬುಟ್ನಾ!"

ಚಿಕ್ಕತಾಯಮ್ಮನವರಿಗೆ ನಗು ತಡೆಯಲಿಲ್ಲ. ಹೊಲಿಗೆ ಎಳೆಯದಿರಲಿ ಎಂದು ಅಕ್ಕ ತನ್ನ ಅಂಗೈಯನ್ನು ತಂಗಿಯ ಹೊಟ್ಟೆಯ ಮೇಲೆ ಒತ್ತಿ ಹಿಡಿದರು. ಬಿಲ್ಲೆ ಇದ್ದದ್ದೂ ಅಲ್ಲೇ. ನನ್ನ ಕಿವಿಯಲ್ಲಿ ಕರುಳಿನ ಸದ್ದು, ನಗು, ಬಳೆಯ ಸದ್ದು ಎಲ್ಲ ಒಟ್ಟಿಗೆ ಬಂದವು. ಯಾವುದನ್ನೂ ಬೇರೆ ಮಾಡುವಂತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಇಯರ್‌ಫೋನು ತೆಗೆದು, ವೈರು ಸುತ್ತಿ, ಬಿಲ್ಲೆಯನ್ನು ಚೀಲಕ್ಕೆ ಹಾಕಿದೆ. ಹಾಸಿಗೆಯ ಕಾಲ ಬಳಿಯ ಸ್ಟೂಲಿನ ಮೇಲೆ ಕೂತು, ರೌಂಡ್ಸಿಗೆ ಡಾಕ್ಟರು ಬರುವವರೆಗೂ ಅವರಿಬ್ಬರ ಮಾತು ಕೇಳಿದೆ.